ಶಾಲಾ ಮಕ್ಕಳ ಹಾಜರಾತಿ ಮತ್ತು ನಡವಳಿಕೆ: ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ವಲಯಗಳ ಒಂದು ಅವಲೋಕನ

ಪೀಠಿಕೆ

ಶಾಲೆಗೆ ಮಕ್ಕಳ ದಾಖಲಾತಿ ಮಾಡಿಸುವುದು ಒಂದು ಕಾರ್ಯವಾದರೆ, ದಾಖಲಾದ ಮಗು ವರ್ಷವಿಡೀ ತರಗತಿಯಲ್ಲಿ ಕುಳಿತು ಕಲಿಯುವಂತೆ ನೋಡಿಕೊಳ್ಳುವುದು ಇನ್ನೊಂದು ಕಾರ್ಯ. ಮೊದಲನೆಯ ಕಾರ್ಯದಲ್ಲಿ ರಾಜ್ಯವು ಗಣನೀಯ ಪ್ರಗತಿಯನ್ನು ಸಾಧಿಸಿದೆ. ಎರಡನೆಯ ಕಾರ್ಯವು ಇನ್ನೂ ಪೂರ್ಣಗೊಂಡಿಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ವಲಯಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಎರಡನೆಯ ಕಾರ್ಯದ ಸ್ವರೂಪವನ್ನು, ಅದರ ಅಡಚಣೆಗಳನ್ನು ಹಾಗೂ ಪೋಷಕರಿಗೆ ಲಭ್ಯವಿರುವ ಸೌಲಭ್ಯ ಮತ್ತು ಹಕ್ಕುಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಮಕ್ಕಳ ಹಾಜರಾತಿ ಮತ್ತು ಮಕ್ಕಳ ನಡವಳಿಕೆ ಇವೆರಡನ್ನೂ ಸಾಮಾನ್ಯವಾಗಿ ಬೇರೆ ಬೇರೆ ವಿಷಯಗಳೆಂದು ಪರಿಗಣಿಸಲಾಗುತ್ತದೆ. ಗೈರುಹಾಜರಿಯನ್ನು ಪೋಷಕರ ತಪ್ಪೆಂದೂ, ತರಗತಿಯಲ್ಲಿನ ಗದ್ದಲವನ್ನು ಮಗುವಿನ ತಪ್ಪೆಂದೂ ಹೇಳುವ ರೂಢಿ ಇದೆ. ವಾಸ್ತವದಲ್ಲಿ ಇವೆರಡೂ ಒಂದೇ ಸಮಸ್ಯೆಯ ಎರಡು ಮುಖಗಳಾಗಿದ್ದು, ಮೊದಲನೆಯದನ್ನು ಸಕಾಲದಲ್ಲಿ ಗಮನಿಸಿದಲ್ಲಿ ಎರಡನೆಯದು ಬಹುಮಟ್ಟಿಗೆ ತಾನಾಗಿಯೇ ಕಡಿಮೆಯಾಗುತ್ತದೆ ಎಂಬುದು ಈ ಅವಲೋಕನದ ಮುಖ್ಯ ಅಂಶವಾಗಿದೆ.

ವಲಯಗಳ ಪರಿಚಯ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಮೂರೂ ಕಂದಾಯ ಆಡಳಿತದ ದೃಷ್ಟಿಯಿಂದ ಬೆಳಗಾವಿ ಜಿಲ್ಲೆಗೆ ಸೇರಿದ್ದರೂ, ಶಾಲಾ ಶಿಕ್ಷಣದ ಆಡಳಿತದಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ವ್ಯಾಪ್ತಿಗೆ ಬರುತ್ತವೆ. ಆದ್ದರಿಂದ ಈ ವಲಯಗಳ ಶಾಲೆಗಳ ಬಗ್ಗೆ ಜಿಲ್ಲಾ ಹಂತದಲ್ಲಿ ಅರ್ಜಿ ಸಲ್ಲಿಸುವವರು ಬೆಳಗಾವಿಯ ಬದಲು ಚಿಕ್ಕೋಡಿಯ ಉಪನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬೇಕಾಗುತ್ತದೆ. ಮೊದಲು ಗೋಕಾಕ ತಾಲ್ಲೂಕಿನಲ್ಲಿದ್ದ ಮೂಡಲಗಿಯು ಈಗ ಪ್ರತ್ಯೇಕ ತಾಲ್ಲೂಕಾಗಿದೆ.

ಮೂರೂ ತಾಲ್ಲೂಕುಗಳ ಬದುಕು ಘಟಪ್ರಭಾ ನದಿ ಹಾಗೂ ಅದರ ಉಪನದಿಗಳಾದ ಹಿರಣ್ಯಕೇಶಿ ಮತ್ತು ಮಾರ್ಕಂಡೇಯಗಳನ್ನು ಅವಲಂಬಿಸಿದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ದೊರೆತ ನೀರಾವರಿಯು ಈ ಭಾಗವನ್ನು ಕಬ್ಬಿನ ಸೀಮೆಯನ್ನಾಗಿ ಮಾಡಿದೆ. ಸಂಕೇಶ್ವರದ ಹಿರಣ್ಯಕೇಶಿ ಮತ್ತು ಗೋಕಾಕ ಭಾಗದ ಘಟಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಗಳಲ್ಲದೆ ಹಲವು ಖಾಸಗಿ ಕಾರ್ಖಾನೆಗಳೂ ಇಲ್ಲಿ ಕಾರ್ಯನಿರ್ವಹಿಸುತ್ತಿವೆ. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಗೆ ಹೊಂದಿಕೊಂಡಿರುವ ಹುಕ್ಕೇರಿ ತಾಲ್ಲೂಕಿನಲ್ಲಿ ಕನ್ನಡದ ಜೊತೆಗೆ ಮರಾಠಿ ಮತ್ತು ಉರ್ದು ಮಾಧ್ಯಮದ ಶಾಲೆಗಳೂ ಇವೆ. ನದಿ, ಕಬ್ಬು ಮತ್ತು ಗಡಿ ಈ ಮೂರೂ ಶಾಲೆಯ ಹಾಜರಿ ಪುಸ್ತಕದ ಮೇಲೆ ನೇರ ಪರಿಣಾಮವನ್ನು ಬೀರುತ್ತವೆ.

ಕಾನೂನಿನ ಹಿನ್ನೆಲೆ

ರಾಜ್ಯ ಏಕೀಕರಣದ ನಂತರ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆಯು ಮಗುವನ್ನು ಶಾಲೆಗೆ ಕಳುಹಿಸುವ ಹೊಣೆಯನ್ನು ಪ್ರಮುಖವಾಗಿ ಪೋಷಕರ ಮೇಲೆ ಹೊರಿಸಿತ್ತು. 2002ರ ಸಂವಿಧಾನದ 86ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ 21ಎ ವಿಧಿಯು 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ತದನಂತರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009 ದಿನಾಂಕ 1 ಏಪ್ರಿಲ್ 2010ರಿಂದ ಜಾರಿಗೆ ಬಂದಿತು.

ಸದರಿ ಕಾಯ್ದೆಯಲ್ಲಿ "ಕಡ್ಡಾಯ" ಎಂಬ ಪದದ ಅರ್ಥವೇ ಬದಲಾಗಿರುವುದನ್ನು ಸಾರ್ವಜನಿಕರು ಗಮನಿಸಬೇಕು. ಮಗುವಿನ ದಾಖಲಾತಿ, ಹಾಜರಾತಿ ಮತ್ತು ಪ್ರಾಥಮಿಕ ಶಿಕ್ಷಣದ ಪೂರ್ಣಗೊಳಿಸುವಿಕೆಯನ್ನು ಖಚಿತಪಡಿಸುವುದು ಸರ್ಕಾರ ಹಾಗೂ ಸ್ಥಳೀಯ ಪ್ರಾಧಿಕಾರದ ಕಡ್ಡಾಯ ಹೊಣೆಯಾಗಿದೆ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು 10ನೇ ಪ್ರಕರಣವು ಹೇಳುತ್ತದೆಯಾದರೂ, ಸದರಿ ಕಾಯ್ದೆಯಲ್ಲಿ ಪೋಷಕರಿಗೆ ದಂಡ ವಿಧಿಸುವ ಅವಕಾಶವಿಲ್ಲ. ಆದ್ದರಿಂದ ಮಗು ಶಾಲೆಗೆ ಬಾರದಿದ್ದಾಗ ಮೊದಲು ವಿಚಾರಿಸಬೇಕಾದದ್ದು ಕಾರಣವನ್ನು.

ಏಳು ದಿನಗಳ ನಿಯಮ ಮತ್ತು ಅದರ ಮಿತಿ

ಹಿಂದೆ ಸತತವಾಗಿ 60 ದಿನ ಗೈರುಹಾಜರಾದ ಮಗುವನ್ನು ಮಾತ್ರ ಶಾಲೆಯಿಂದ ಹೊರಗುಳಿದ ಮಗುವೆಂದು ಪರಿಗಣಿಸಲಾಗುತ್ತಿತ್ತು. 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಪತ್ರಿಕಾ ವರದಿಯನ್ನು ಆಧರಿಸಿ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡ ತರುವಾಯ, ಈ ಅವಧಿಯನ್ನು 7 ದಿನಗಳಿಗೆ ಇಳಿಸಲಾಯಿತು. ಎರಡು ತಿಂಗಳ ನಂತರ ಹುಡುಕುವುದಕ್ಕೂ ಒಂದು ವಾರದಲ್ಲಿ ವಿಚಾರಿಸುವುದಕ್ಕೂ ಇರುವ ಅಂತರ ದೊಡ್ಡದು. ಎರಡು ತಿಂಗಳಲ್ಲಿ ಮಗು ಬೇರೆ ಜಿಲ್ಲೆಯಲ್ಲಿರಬಹುದು, ಬಾಲಕಿಯ ಮದುವೆಯೇ ನಿಶ್ಚಯವಾಗಿರಬಹುದು.

ಆದರೆ ಈ ನಿಯಮವು ಸತತ ಗೈರುಹಾಜರಿಗೆ ಅನ್ವಯವಾಗುತ್ತದೆಯೇ ಹೊರತು ಬಿಟ್ಟು ಬಿಟ್ಟು ಗೈರುಹಾಜರಾಗುವ ಮಗುವಿಗೆ ಅಲ್ಲ. ವಾರದಲ್ಲಿ ಎರಡು ದಿನ ತಪ್ಪಿಸಿ ನಾಲ್ಕು ದಿನ ಬರುವ ಮಗು ಎಂದಿಗೂ ಏಳು ದಿನದ ಗೆರೆಯನ್ನು ದಾಟುವುದಿಲ್ಲ. ಅದರ ಹೆಸರು ದಾಖಲಾತಿ ವಹಿಯಲ್ಲಿರುತ್ತದೆ, ಹೊರಗುಳಿದ ಮಕ್ಕಳ ಪಟ್ಟಿಯಲ್ಲಿ ಇರುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿದ್ದು ಗಲ್ಲಾಪೆಟ್ಟಿಗೆಯಲ್ಲಿ ಪ್ರತಿದಿನ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಹೋಗುವಂತಹ ಸ್ಥಿತಿ ಇದು.

ಒಂದು ಸರಳ ಲೆಕ್ಕವನ್ನು ಇಲ್ಲಿ ಉದಾಹರಣೆಗಾಗಿ ಮಾತ್ರ ನೀಡಲಾಗಿದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 6ರಿಂದ 8ನೇ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನಗಳಿರಬೇಕು. 8ನೇ ತರಗತಿಯ ಒಂದು ಮಗುವಿನ ಗೈರುಹಾಜರಿ ಕೆಳಕಂಡಂತೆ ಇದೆ ಎಂದು ಭಾವಿಸೋಣ.

1. ಕಬ್ಬಿನ ಹಂಗಾಮಿನ 20 ವಾರಗಳಲ್ಲಿ ವಾರಕ್ಕೆ 2 ದಿನದಂತೆ: 40 ದಿನ
2. ದಸರಾ ಮತ್ತು ದೀಪಾವಳಿ ರಜೆಯ ನಂತರ ತಡವಾಗಿ ಮರಳಿದ್ದು: 5 ದಿನ
3. ಜಾತ್ರೆ ಮತ್ತು ಮದುವೆ ಸಮಾರಂಭಗಳಿಗೆ: 5 ದಿನ
4. ಮಳೆಗಾಲದಲ್ಲಿ ಜ್ವರ ಇತ್ಯಾದಿ ಕಾರಣಗಳಿಗೆ: 6 ದಿನ
ಒಟ್ಟು: 56 ದಿನ

ಈ ಮಗು ಶಾಲೆಯಲ್ಲಿದ್ದುದು 164 ದಿನ, ಅಂದರೆ ಶೇ. 74.5. ಯಾವ ಹಂತದಲ್ಲಿಯೂ ಅದು ಸತತ ಏಳು ದಿನ ತಪ್ಪಿಸಿಕೊಂಡಿಲ್ಲ. ಯಾವ ಕಾರಣವೂ ಪೋಷಕರ ದೃಷ್ಟಿಯಲ್ಲಿ ದೊಡ್ಡದಲ್ಲ. ಆದರೂ ವರ್ಷದ ಕಾಲು ಭಾಗದ ಪಾಠ ಕೈತಪ್ಪಿದೆ. ಇದೇ ರೂಢಿ 10ನೇ ತರಗತಿಗೂ ಮುಂದುವರಿದಲ್ಲಿ, ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳಲು ಅಗತ್ಯವಾದ ಕನಿಷ್ಠ ಶೇ. 75 ಹಾಜರಾತಿಗೆ ಮಗು ಕೂದಲೆಳೆಯ ಅಂತರದಲ್ಲಿ ಹೊರಗುಳಿಯುತ್ತದೆ. 2023-24ನೇ ಸಾಲಿನಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಕಲ್ಪಿಸಲಾಗಿತ್ತಾದರೂ, ಅವಕಾಶಗಳು ಹೆಚ್ಚಾದ ಮಾತ್ರಕ್ಕೆ ಕಳೆದುಹೋದ ಪಾಠಗಳು ಮರಳಿ ಬರುವುದಿಲ್ಲ.

ಗೈರುಹಾಜರಿಯ ಪ್ರಮುಖ ಕಾರಣಗಳು

(ಅ) ಕಬ್ಬಿನ ಹಂಗಾಮು: ದಸರಾ ರಜೆ ಮುಗಿದು ದ್ವಿತೀಯ ಅವಧಿ ಪ್ರಾರಂಭವಾಗುವುದಕ್ಕೂ ಕಬ್ಬು ನುರಿಸುವ ಹಂಗಾಮು ಪ್ರಾರಂಭವಾಗುವುದಕ್ಕೂ ಹೆಚ್ಚಿನ ಅಂತರವಿಲ್ಲ. ಹೊಲದಲ್ಲಿ ಕೆಲಸ ಹೆಚ್ಚಾದಾಗ ತಾಯಿ ತಂದೆ ಇಬ್ಬರೂ ಬೆಳಗಿನ ಜಾವವೇ ಮನೆ ಬಿಡುತ್ತಾರೆ. ಮನೆ, ದನಕರು ಮತ್ತು ಕಿರಿಯ ಮಗುವಿನ ಹೊಣೆ ಹಿರಿಯ ಮಗುವಿನ ಹೆಗಲಿಗೆ ಬೀಳುತ್ತದೆ. ಇದಲ್ಲದೆ ಕಟಾವಿಗೆಂದು ಬೇರೆ ತಾಲ್ಲೂಕು, ಜಿಲ್ಲೆ ಹಾಗೂ ನೆರೆ ರಾಜ್ಯದಿಂದ ಬರುವ ಗ್ಯಾಂಗುಗಳೊಂದಿಗೆ ಮಕ್ಕಳೂ ಬಂದು ಗುಡಿಸಲುಗಳಲ್ಲಿ ನೆಲೆಸುತ್ತಾರೆ. ಇಂತಹ ಮಕ್ಕಳು ಊರಿನ ಶಾಲೆಯಲ್ಲಿ ಗೈರುಹಾಜರಾಗಿರುತ್ತಾರೆ, ಬಂದ ಊರಿನ ಶಾಲೆಯಲ್ಲಿ ಅವರ ಹೆಸರೇ ಇರುವುದಿಲ್ಲ.

2025ನೇ ವರ್ಷವು ಇದಕ್ಕೆ ಇತ್ತೀಚಿನ ನಿದರ್ಶನವಾಗಿದೆ. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ನಿಯೋಜಿಸಿದ್ದರಿಂದ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಅದರ ಬೆನ್ನಿಗೇ ದೀಪಾವಳಿ ಬಂದಿತು. ನವೆಂಬರ್ ಆರಂಭದಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ಕಬ್ಬಿನ ದರಕ್ಕಾಗಿ ರೈತರ ಚಳವಳಿ ತೀವ್ರಗೊಂಡು, ಕಟಾವಿನ ಕಾರ್ಯವೂ ಏರುಪೇರಾಯಿತು. ಹಂಗಾಮು ತಡವಾಗಿ ಪ್ರಾರಂಭವಾದಷ್ಟೂ ಕೆಲಸದ ಒತ್ತಡ ವಾರ್ಷಿಕ ಪರೀಕ್ಷೆಯ ದಿನಗಳತ್ತ ಸರಿಯುತ್ತದೆ. ಇಂತಹ ವರ್ಷಗಳಲ್ಲಿ ಶಾಲೆಗಳು ಹಾಜರಾತಿಯ ಮೇಲೆ ಎಂದಿಗಿಂತ ಹೆಚ್ಚಿನ ನಿಗಾ ಇರಿಸಬೇಕಾಗುತ್ತದೆ.

(ಆ) ಹೆಣ್ಣುಮಕ್ಕಳ ಮೇಲಿನ ಮನೆಗೆಲಸದ ಹೊರೆ: ಮೇಲೆ ಹೇಳಿದ ಹಿರಿಯ ಮಗು ಬಹುಪಾಲು ಸಂದರ್ಭಗಳಲ್ಲಿ ಬಾಲಕಿಯೇ ಆಗಿರುತ್ತಾಳೆ. ಹತ್ತಿರದಲ್ಲಿ ಅಂಗನವಾಡಿ ಕೇಂದ್ರವು ಸರಿಯಾದ ವೇಳೆಗೆ ತೆರೆದಿದ್ದಲ್ಲಿ ತಮ್ಮ ತಂಗಿಯರನ್ನು ಅಲ್ಲಿ ಬಿಟ್ಟು ಆಕೆ ಶಾಲೆಗೆ ಬರಬಹುದು. 7ನೇ ತರಗತಿಯ ನಂತರ ಪ್ರೌಢಶಾಲೆಯು ಬೇರೆ ಊರಿನಲ್ಲಿದ್ದಲ್ಲಿ ಅನಿಯಮಿತ ಹಾಜರಾತಿಯು ಕ್ರಮೇಣ ಶಾಲೆ ಬಿಡುವಿಕೆಯಾಗಿ, ಕೆಲವು ಪ್ರಕರಣಗಳಲ್ಲಿ ಬಾಲ್ಯವಿವಾಹವಾಗಿ ಪರಿಣಮಿಸುತ್ತದೆ. ಬಾಲಕಿಯೊಬ್ಬಳು ಪದೇಪದೇ ಗೈರುಹಾಜರಾಗುವುದನ್ನು ಈ ದೃಷ್ಟಿಯಿಂದ ಮುನ್ಸೂಚನೆ ಎಂದು ಪರಿಗಣಿಸುವುದು ಅವಶ್ಯ.

(ಇ) ನೆರೆ ಹಾವಳಿ: 2019ರ ಆಗಸ್ಟ್ ತಿಂಗಳಲ್ಲಿ ಹಾಗೂ 2021ರ ಜುಲೈ ತಿಂಗಳಲ್ಲಿ ಘಟಪ್ರಭಾ ನದಿ ಉಕ್ಕಿ ಹರಿದು ಗೋಕಾಕ ನಗರವೂ ಸೇರಿದಂತೆ ನದಿತೀರದ ಗ್ರಾಮಗಳು ಜಲಾವೃತಗೊಂಡಿದ್ದವು. 2024ರಲ್ಲಿಯೂ ಗೋಕಾಕ ಸಮೀಪದ ಲೋಳಸೂರ ಸೇತುವೆ ಮುಳುಗಡೆಯಾಗಿ ಸಂಚಾರ ಸ್ಥಗಿತಗೊಂಡಿತ್ತು. ನೆರೆಯ ಸಮಯದಲ್ಲಿ ಶಾಲೆಗೆ ರಜೆ ಘೋಷಿಸಲಾಗುತ್ತದೆ. ತೊಂದರೆ ಪ್ರಾರಂಭವಾಗುವುದು ನೀರು ಇಳಿದ ನಂತರ. ಪುಸ್ತಕ, ಸಮವಸ್ತ್ರ ಕಳೆದುಕೊಂಡ ಹಾಗೂ ಬಂಧುಗಳ ಮನೆಗೆ ಸ್ಥಳಾಂತರಗೊಂಡ ಮಕ್ಕಳು ಮರಳಿ ಬರಲು ವಾರಗಳೇ ಹಿಡಿಯುತ್ತವೆ.

(ಈ) ಸಂತೆ, ಜಾತ್ರೆ ಮತ್ತು ಸಮಾರಂಭಗಳು: ಸವದತ್ತಿಯ ಯಲ್ಲಮ್ಮ, ಚಿಂಚಲಿಯ ಮಾಯಕ್ಕ ದೇವಿಯ ಜಾತ್ರೆಗಳಿಗೆ ಕುಟುಂಬ ಸಮೇತರಾಗಿ ತೆರಳುವುದು ಈ ಭಾಗದ ಸಂಪ್ರದಾಯ. ಇದನ್ನು ತಡೆಯುವುದು ಶಾಲೆಯ ಉದ್ದೇಶವಲ್ಲ. ಆದರೆ ಎರಡು ದಿನದ ಜಾತ್ರೆಗೆ ಐದು ದಿನ ಶಾಲೆ ತಪ್ಪಬಾರದು ಎಂಬ ತಿಳಿವಳಿಕೆಯನ್ನು ಪೋಷಕರ ಸಭೆಯಲ್ಲಿ ಮೂಡಿಸಬಹುದಾಗಿದೆ.

(ಉ) ಕೋವಿಡ್ ಕಾಲದ ಉಳಿಕೆ: 2020ರ ಮಾರ್ಚ್‌ನಿಂದ ಶಾಲೆಗಳು ದೀರ್ಘಕಾಲ ಮುಚ್ಚಲ್ಪಟ್ಟವು. ವಿದ್ಯಾಗಮ ಕಾರ್ಯಕ್ರಮವನ್ನೂ, ತದನಂತರ 2022-23ರಲ್ಲಿ ಕಲಿಕಾ ಚೇತರಿಕೆ ಕಾರ್ಯಕ್ರಮವನ್ನೂ ಹಮ್ಮಿಕೊಳ್ಳಲಾಯಿತು. ಆ ಅವಧಿಯಲ್ಲಿ 1 ಮತ್ತು 2ನೇ ತರಗತಿಯಲ್ಲಿದ್ದ ಮಕ್ಕಳು ಈಗ ಹಿರಿಯ ಪ್ರಾಥಮಿಕ ಹಾಗೂ ಪ್ರೌಢ ಹಂತ ತಲುಪಿದ್ದಾರೆ. ಓದು ಬರಹದ ಬುನಾದಿ ಆ ದಿನಗಳಲ್ಲಿಯೇ ಸಡಿಲಗೊಂಡವರಿಗೆ ಮೇಲಿನ ತರಗತಿಯ ಪಾಠ ಭಾರವೆನಿಸುವುದು ಸಹಜ.

ನಡವಳಿಕೆಯ ಪ್ರಶ್ನೆ

ಗದ್ದಲ, ಜಗಳ, ಕಿರಿಯರನ್ನು ಪೀಡಿಸುವುದು, ಶಾಲೆಯ ವೇಳೆಯಲ್ಲಿ ಹೊರಗೆ ತಿರುಗುವುದು, ಗುಟ್ಕಾ ಸೇವನೆ, ಮೊಬೈಲ್ ದುರ್ಬಳಕೆ ಇವು ಶಿಕ್ಷಕರಿಂದಲೂ ಪೋಷಕರಿಂದಲೂ ಕೇಳಿಬರುವ ದೂರುಗಳು. ಇವುಗಳ ಹಿಂದಿರುವ ಮಗುವಿನ ದೃಷ್ಟಿಯಿಂದ ಒಮ್ಮೆ ಯೋಚಿಸಬೇಕಾಗಿದೆ. ಸೋಮವಾರ, ಮಂಗಳವಾರ ತಪ್ಪಿಸಿ ಬುಧವಾರ ಬಂದ ಮಗುವಿಗೆ ಗಣಿತದ ಲೆಕ್ಕದ ಅರ್ಧಭಾಗ ಮಾತ್ರ ಕಪ್ಪುಹಲಗೆಯ ಮೇಲೆ ಕಾಣುತ್ತದೆ. ಮನೆಗೆಲಸ ಬರೆದಿರುವುದಿಲ್ಲ. ಎದ್ದು ನಿಲ್ಲಿಸಿ ಪ್ರಶ್ನಿಸಿದರೆ ಸಹಪಾಠಿಗಳ ಮುಂದೆ ಅವಮಾನ. ಅರ್ಥವಾಗದ ಪಾಠದ ಮುಂದೆ ಕುಳಿತ ಮಗು ಒಂದೋ ಮೌನಕ್ಕೆ ಜಾರುತ್ತದೆ, ಇಲ್ಲವೇ ಪಕ್ಕದವರನ್ನು ಕೆಣಕುತ್ತದೆ. ಅದಕ್ಕಾಗಿ ಶಿಕ್ಷೆಯಾದರೆ ಮರುದಿನ ಶಾಲೆಗೆ ಬಾರದಿರಲು ಮತ್ತೊಂದು ಕಾರಣ ದೊರೆತಂತಾಗುತ್ತದೆ. ಹೀಗೆ ಗೈರುಹಾಜರಿಯು ದುರ್ನಡತೆಗೂ, ದುರ್ನಡತೆಗೆ ನೀಡಿದ ಶಿಕ್ಷೆಯು ಪುನಃ ಗೈರುಹಾಜರಿಗೂ ಎಡೆಮಾಡಿಕೊಡುತ್ತದೆ.

"ನಾಲ್ಕು ಏಟು ಬಿದ್ದರೆ ಬುದ್ಧಿ ಬರುತ್ತದೆ" ಎಂದು ಪೋಷಕರೇ ಶಿಕ್ಷಕರಿಗೆ ಹೇಳುವ ರೂಢಿ ಗ್ರಾಮಾಂತರ ಭಾಗಗಳಲ್ಲಿ ಇನ್ನೂ ಇದೆ. ಪೋಷಕರ ಒಪ್ಪಿಗೆ ಇದ್ದರೂ ಇದು ಕಾನೂನುಬಾಹಿರ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣವು ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದ್ದು, ಉಲ್ಲಂಘಿಸಿದವರು ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ಅದೇ ರೀತಿ 16ನೇ ಪ್ರಕರಣದಂತೆ ಪ್ರಾಥಮಿಕ ಶಿಕ್ಷಣ ಪೂರ್ಣಗೊಳ್ಳುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಹೊಡೆಯುವುದೂ ಸಾಧ್ಯವಿಲ್ಲ, ಹೊರಹಾಕುವುದೂ ಸಾಧ್ಯವಿಲ್ಲ ಎಂದರೆ ಶಿಸ್ತು ಹೇಗೆ ಎಂಬ ಪ್ರಶ್ನೆಯನ್ನು ಅನೇಕ ಶಿಕ್ಷಕರು ಕೇಳುತ್ತಾರೆ. ದೊಡ್ಡ ತರಗತಿಯನ್ನು ಒಬ್ಬರೇ ನಿಭಾಯಿಸುವ ಶಿಕ್ಷಕರ ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಅದಕ್ಕೆ ಉತ್ತರ, ಮೇಲೆ ಹೇಳಿದ ಸರಪಳಿಯನ್ನು ಅದರ ಮೊದಲ ಕೊಂಡಿಯಲ್ಲಿಯೇ, ಅಂದರೆ ಮೊದಲ ಅಥವಾ ಎರಡನೆಯ ದಿನದ ಗೈರುಹಾಜರಿಯಲ್ಲಿಯೇ ತುಂಡರಿಸುವುದು.

ಯೋಜನೆಗಳು ಮತ್ತು ಅವುಗಳ ಫಲ

ಮಕ್ಕಳನ್ನು ಶಾಲೆಯತ್ತ ಸೆಳೆಯುವ ಯೋಜನೆಗಳ ಪರಂಪರೆ ರಾಜ್ಯದಲ್ಲಿ ದೀರ್ಘವಾದುದು. ಚಿಣ್ಣರ ಅಂಗಳ, ಕೂಲಿಯಿಂದ ಶಾಲೆಗೆ, ಮರಳಿ ಬಾ ಶಾಲೆಗೆ ಮುಂತಾದ ಕಾರ್ಯಕ್ರಮಗಳು ಹೊರಗುಳಿದ ಮಕ್ಕಳನ್ನು ಮುಖ್ಯವಾಹಿನಿಗೆ ತರಲು ರೂಪುಗೊಂಡವು. ಅಕ್ಷರ ದಾಸೋಹವು 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭಗೊಂಡು ನಂತರ ರಾಜ್ಯದ ಉಳಿದ ಜಿಲ್ಲೆಗಳಿಗೆ ವಿಸ್ತರಣೆಯಾಯಿತು. ಕ್ಷೀರಭಾಗ್ಯ ಯೋಜನೆ 2013ರ ಆಗಸ್ಟ್ 1ರಂದು ಪ್ರಾರಂಭವಾಯಿತು. ವಾರದ ಕೆಲವು ದಿನಗಳಿಗೆ ಸೀಮಿತವಾಗಿದ್ದ ಮೊಟ್ಟೆ ಅಥವಾ ಬಾಳೆಹಣ್ಣಿನ ವಿತರಣೆಯನ್ನು 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ವಾರದ 6 ದಿನಗಳಿಗೆ ವಿಸ್ತರಿಸಲಾಯಿತು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ಬೇರೆ ಊರಿನ ಪ್ರೌಢಶಾಲೆಗೆ ಹೋಗುವ ವಿದ್ಯಾರ್ಥಿನಿಯರಿಗೆ ಬಸ್ ಪ್ರಯಾಣದ ವೆಚ್ಚ ಇಲ್ಲವಾಗಿದೆ.

ಈ ಯೋಜನೆಗಳು ಹಸಿವು, ಬಡತನ ಮತ್ತು ದೂರದ ಅಡಚಣೆಗಳನ್ನು ಕಡಿಮೆ ಮಾಡಿವೆ. ಆದರೆ ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಮನೆಯಲ್ಲಿ ಚಿಕ್ಕ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಬಿಸಿಯೂಟವಾಗಲಿ, ಬಸ್ ಪಾಸಾಗಲಿ ಉತ್ತರ ನೀಡುವುದಿಲ್ಲ. ಆ ಪ್ರಶ್ನೆಗೆ ಉತ್ತರ ಊರಿನ ಹಂತದಲ್ಲಿಯೇ ದೊರೆಯಬೇಕಾಗಿದೆ.

ಗ್ರಾಮ ಹಂತದಲ್ಲಿ ಕೈಗೊಳ್ಳಬಹುದಾದ ಕ್ರಮಗಳು

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು (ಎಸ್.ಡಿ.ಎಂ.ಸಿ.) 2001ರಲ್ಲಿ ರಾಜ್ಯದಲ್ಲಿ ಅಸ್ತಿತ್ವಕ್ಕೆ ಬಂದಿತು. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೋಷಕರಿರಬೇಕು ಹಾಗೂ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಕಟ್ಟಡ ದುರಸ್ತಿಯ ಚರ್ಚೆಯಷ್ಟೇ ಮಹತ್ವವನ್ನು ಸಮಿತಿಯು ಹಾಜರಿ ಪುಸ್ತಕಕ್ಕೂ ನೀಡಬೇಕು. ಈ ನಿಟ್ಟಿನಲ್ಲಿ ಕೆಳಕಂಡ ಕ್ರಮಗಳು ಹೆಚ್ಚಿನ ವೆಚ್ಚವಿಲ್ಲದೆ ಸಾಧ್ಯವಾಗುವಂತಹವು.

1. ಏಳನೆಯ ದಿನಕ್ಕಾಗಿ ಕಾಯದೆ, ಎರಡನೆಯ ದಿನದ ಗೈರುಹಾಜರಿಯ ಸಂಜೆಯೇ ಪೋಷಕರನ್ನು ಖುದ್ದಾಗಿ ಅಥವಾ ದೂರವಾಣಿ ಮೂಲಕ ವಿಚಾರಿಸುವುದು.

2. ಸತತ ಗೈರುಹಾಜರಿಯ ಜೊತೆಗೆ ತಿಂಗಳಿಗೆ ಒಟ್ಟು 5 ದಿನಕ್ಕಿಂತ ಹೆಚ್ಚು ತಪ್ಪಿಸಿಕೊಂಡ ಮಕ್ಕಳ ಪ್ರತ್ಯೇಕ ಪಟ್ಟಿಯನ್ನು ತಯಾರಿಸಿ ಸಮಿತಿಯ ಸಭೆಯಲ್ಲಿ ಮಂಡಿಸುವುದು. ಪಟ್ಟಿಯಲ್ಲಿ ಹೆಸರಿನ ಮುಂದೆ ಕಾರಣವನ್ನು ಬರೆಯುವುದು. ಈ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಪ್ರಕಟಿಸಿ ಮಗುವಿಗೆ ಅವಮಾನ ಮಾಡಬಾರದು.

3. ಗೈರುಹಾಜರಾಗಿ ಮರಳಿ ಬಂದ ಮಗುವಿಗೆ ಮೊದಲ ದಿನ ಶಿಕ್ಷೆಯಾಗಲಿ ಮೂದಲಿಕೆಯಾಗಲಿ ಇಲ್ಲದಂತೆ ನೋಡಿಕೊಂಡು, ತಪ್ಪಿದ ಪಾಠವನ್ನು ಸಹಪಾಠಿಯೊಬ್ಬರ ನೆರವಿನಿಂದ ಪೂರೈಸಲು ವೇಳೆ ನೀಡುವುದು.

4. ತರಗತಿಯ ನಿಯಮಗಳನ್ನು ಮಕ್ಕಳಿಂದಲೇ ಚರ್ಚಿಸಿ ರಚಿಸುವುದು. ಶಾಲಾ ಸಂಸತ್ತು ಮತ್ತು ಮೀನಾ ತಂಡಗಳಿಗೆ ಹಾಜರಾತಿಯ ಜವಾಬ್ದಾರಿಯಲ್ಲಿ ಪಾಲು ನೀಡುವುದು. ತಾನೇ ಒಪ್ಪಿದ ನಿಯಮವನ್ನು ಮಗು ಮುರಿಯುವುದು ಕಡಿಮೆ.

5. ಹಂಗಾಮಿನ ದಿನಗಳಲ್ಲಿ ಅಂಗನವಾಡಿಯ ವೇಳೆಯು ಶಾಲೆಯ ವೇಳೆಗೆ ಹೊಂದಿಕೆಯಾಗುವಂತೆ ಗ್ರಾಮ ಪಂಚಾಯಿತಿ ಮತ್ತು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸಮಿತಿಯು ಮನವಿ ಸಲ್ಲಿಸುವುದು.

6. ಶಾಲೆಯ ಸುತ್ತ 100 ಗಜಗಳ ಒಳಗೆ ತಂಬಾಕು ಉತ್ಪನ್ನಗಳ ಮಾರಾಟವನ್ನು 2003ರ ಕಾಯ್ದೆಯು ನಿಷೇಧಿಸಿದೆ. ಇಂತಹ ಅಂಗಡಿಗಳಿದ್ದಲ್ಲಿ ಗ್ರಾಮ ಪಂಚಾಯಿತಿ ಮತ್ತು ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸುವುದು.

7. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಶಾಲೆಗೆ ಬರಲು ಇರುವ ಅಡಚಣೆಗಳನ್ನು ಮಕ್ಕಳೇ ಹೇಳಲು ಅವಕಾಶ ಮಾಡಿಕೊಡುವುದು. ಹದಗೆಟ್ಟ ಶೌಚಾಲಯ, ದಾಟಲಾಗದ ಹಳ್ಳ, ಬಾರದ ಬಸ್ಸು ಇವು ಹಿರಿಯರ ಪಟ್ಟಿಯಲ್ಲಿ ಎಷ್ಟೋ ಬಾರಿ ಇರುವುದೇ ಇಲ್ಲ.

ಸಾರ್ವಜನಿಕರ ಗಮನಕ್ಕೆ: ಅರ್ಜಿ ಮತ್ತು ಹಕ್ಕುಗಳು

ದಾಖಲಾತಿ: ಜನನ ಪ್ರಮಾಣ ಪತ್ರ ಇಲ್ಲ ಎಂಬ ಕಾರಣಕ್ಕೆ 6ರಿಂದ 14 ವರ್ಷದ ಮಗುವಿಗೆ ಪ್ರಾಥಮಿಕ ಹಂತದ ಪ್ರವೇಶ ನಿರಾಕರಿಸುವಂತಿಲ್ಲ. ಶೈಕ್ಷಣಿಕ ವರ್ಷದ ಮಧ್ಯದಲ್ಲಿ ಬಂದರೂ ಪ್ರವೇಶ ನೀಡಬೇಕು.

ವರ್ಗಾವಣೆ ಪತ್ರ: ಮಗು ರಾಜ್ಯದ ಒಳಗಿನ ಅಥವಾ ಹೊರಗಿನ ಬೇರೆ ಶಾಲೆಗೆ ಹೋಗಬೇಕಾದಾಗ ಮುಖ್ಯೋಪಾಧ್ಯಾಯರು ಕೂಡಲೇ ವರ್ಗಾವಣೆ ಪತ್ರ ನೀಡಬೇಕು. ಪತ್ರ ಬರುವುದು ತಡವಾಯಿತೆಂದು ಹೊಸ ಶಾಲೆಯವರು ಪ್ರವೇಶವನ್ನು ತಡೆಹಿಡಿಯುವಂತಿಲ್ಲ. ಕಟಾವಿಗಾಗಿ ಬರುವ ಹಾಗೂ ಗಡಿ ಭಾಗದ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸುವುದು.

ವಿಶೇಷ ತರಬೇತಿ: ಶಾಲೆ ಬಿಟ್ಟು ಮರಳಿ ಬರುವ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ನೀಡಬೇಕೆಂದು 4ನೇ ಪ್ರಕರಣ ತಿಳಿಸುತ್ತದೆ. 2010ರ ಕೇಂದ್ರ ನಿಯಮಗಳಂತೆ ಇದರ ಅವಧಿ ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ. ಇಂತಹ ಮಗುವಿಗೆ 14 ವರ್ಷ ತುಂಬಿದ ನಂತರವೂ ಪ್ರಾಥಮಿಕ ಶಿಕ್ಷಣ ಪೂರ್ಣಗೊಳ್ಳುವವರೆಗೆ ಉಚಿತ ಶಿಕ್ಷಣ ದೊರೆಯುತ್ತದೆ. ವಲಸೆ ಕುಟುಂಬಗಳ ಮಕ್ಕಳಿಗೆ ಟೆಂಟ್ ಶಾಲೆ ಅಥವಾ ಋತುಮಾನ ವಸತಿ ಶಾಲೆಯ ಅವಶ್ಯಕತೆ ಇದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹಂಗಾಮು ಪ್ರಾರಂಭವಾಗುವ ಮೊದಲೇ ಮನವಿ ಸಲ್ಲಿಸುವುದು ಸೂಕ್ತ.

ಬಸ್ ಪಾಸ್: ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ವಿದ್ಯಾರ್ಥಿ ಪಾಸಿಗೆ ಸೇವಾ ಸಿಂಧು ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಬಹುದು. ಶಾಲಾ ವೇಳೆಗೆ ಬಸ್ಸು ಇಲ್ಲದ ಮಾರ್ಗಗಳ ಬಗ್ಗೆ ಎಸ್.ಡಿ.ಎಂ.ಸಿ. ಠರಾವಿನೊಂದಿಗೆ ಘಟಕ ವ್ಯವಸ್ಥಾಪಕರಿಗೆ ಪತ್ರ ಬರೆದಲ್ಲಿ ಮನವಿಗೆ ಬಲ ಬರುತ್ತದೆ.

ಬಾಲಕಾರ್ಮಿಕತೆ ಮತ್ತು ಬಾಲ್ಯವಿವಾಹ: 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಗುವನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸುವುದು ನಿಷಿದ್ಧ. ಸ್ವಂತ ಕುಟುಂಬದ ಕೆಲಸಕ್ಕೆ ನೆರವಾಗುವುದು ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ ಮಾತ್ರ ಸಾಧ್ಯ. 18 ವರ್ಷ ತುಂಬದ ಬಾಲಕಿಯ ಮದುವೆ ಅಪರಾಧವಾಗಿದೆ. ಇಂತಹ ಸಂದರ್ಭಗಳಲ್ಲಿ ಯಾರು ಬೇಕಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು.

ದೂರು: ಮಗುವಿನ ಹಕ್ಕಿಗೆ ಚ್ಯುತಿ ಬಂದಲ್ಲಿ ಮೊದಲು ಮುಖ್ಯೋಪಾಧ್ಯಾಯರಿಗೆ, ತದನಂತರ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಹಾಗೂ ಚಿಕ್ಕೋಡಿಯ ಉಪನಿರ್ದೇಶಕರಿಗೆ ತಿಳಿಸಬಹುದು. ಇದಲ್ಲದೆ 32ನೇ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸಿದಲ್ಲಿ ಅದನ್ನು 3 ತಿಂಗಳ ಒಳಗೆ ಇತ್ಯರ್ಥಪಡಿಸಬೇಕು. ತೀರ್ಮಾನ ಸಮಾಧಾನಕರವಾಗಿರದಿದ್ದಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಅರ್ಜಿ ಅಥವಾ ದೂರು ಸಲ್ಲಿಸುವಾಗ ದಿನಾಂಕ ಸಹಿತ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು.

ಉಪಸಂಹಾರ

ಹಾಜರಿ ಪುಸ್ತಕದಲ್ಲಿನ ಒಂದು ಗೈರು ಗುರುತು ಸಣ್ಣದಾಗಿ ಕಂಡರೂ ಅದರ ಹಿಂದೆ ಕಬ್ಬಿನ ಹೊಲ, ತೊಟ್ಟಿಲಲ್ಲಿನ ಕೂಸು, ಮುಳುಗಿದ ಸೇತುವೆ ಅಥವಾ ನಿನ್ನೆಯ ಏಟು ಇರಬಹುದು. ಕಾನೂನು ಏಳು ದಿನಗಳ ಗೆರೆಯನ್ನು ಎಳೆದಿದೆ. ಆ ಗೆರೆಯನ್ನು ಎಂದೂ ದಾಟದೆ ವರ್ಷದ ಕಾಲು ಭಾಗವನ್ನು ಕಳೆದುಕೊಳ್ಳುವ ಮಗುವನ್ನು ಗುರುತಿಸಲು ಶಿಕ್ಷಕರ ಕಣ್ಣು, ತಾಯಂದಿರ ಮಾತು ಮತ್ತು ಎಸ್.ಡಿ.ಎಂ.ಸಿ.ಯ ಮಾಸಿಕ ಸಭೆ ಬೇಕು. ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ವಲಯಗಳ ಪೋಷಕರು ತಮ್ಮ ಮಗುವಿನ ಈ ತಿಂಗಳ ಹಾಜರಾತಿ ಎಷ್ಟು ದಿನ ಎಂಬುದನ್ನು ಶಾಲೆಯಲ್ಲಿ ಕೇಳಿ ತಿಳಿದುಕೊಳ್ಳುವಂತೆ, ಹಾಗೂ ಮೇಲ್ಕಂಡ ಸೌಲಭ್ಯಗಳ ಸದುಪಯೋಗವನ್ನು ಪಡೆದುಕೊಳ್ಳುವಂತೆ ಕೋರಲಾಗಿದೆ.